ಅರಮನೆಯ ಮುಂದೆ ಮೊಟ್ಟೆ ಜಗಳ

ಕೊಟ್ರಮ್ಮನ ಕೋಳಿ ಪಕ್ಕದ ಮನೆಯ ನಾಗರತ್ನಳ ಸೌದೆ ರಾಶಿಯಲ್ಲಿ ಒಂದು ಮೊಟ್ಟೆ ಇಟ್ಟಿತು. ಬೇರೆ ಯಾವ ದಿನ ಇಟ್ಟಿದ್ದರೂ ನಾಗರತ್ನಳ ಗಂಡ ಓಬುಲೇಶ್ ಬದುಕಿಕೊಳ್ಳುತ್ತಿದ್ದ. ಅವತ್ತೇ ಸೀರಿಯಲ್‌ನವರು ಅವನಿಗೆ ಕೆಲಸ ಕೊಟ್ಟಿದ್ದರು: ಶೂಟಿಂಗ್ ಮುಗಿಯುವತನಕ ಬೀದಿಯಲ್ಲಿ ಸದ್ದಾಗದಂತೆ ನೋಡಿಕೊಳ್ಳುವುದು.

ಕಣೇಕಲ್ಲು ಕೆರೆಯ ಮಗ್ಗುಲಲ್ಲಿ, ಅವರ ಬೀದಿಯ ತುದಿಗೇ, ಸೀರಿಯಲ್ಲಿನ ಸೆಟ್ಟಾಗಿ ಅರಮನೆಯೊಂದು ಎದ್ದು ನಿಂತಿತ್ತು. ಅದನ್ನು ನೋಡಿದಾಗಿನಿಂದ ಓಬುಲೇಶನ ಬಾಯಿ ಮುಚ್ಚಿರಲಿಲ್ಲ.

"ಎಂಟು ಕೋಟಿಯಂತ್ರಿ! ಬರೇ ದೀಪದ ಗೊಂಚಲಿಗೇ ಒಂದು ಲಾರಿ ಬಂದೈತಿ!" ಎಂದು ಬಸ್ಸಿಳಿದವರಿಗೆಲ್ಲ ಹೇಳುತ್ತಿದ್ದ.

ಒಳಗೆ ಇಬ್ಬರು ರಾಣಿಯರು ಜಗಳವಾಡಬೇಕಿತ್ತು. ಮೈತುಂಬ ಒಡವೆ ಹೇರಿಕೊಂಡ ನಟಿಯರು ರೇಷನ್ ಕಾರ್ಡಿನ ನಂಬರು ಓದುವವರಂತೆ ಬೈದಾಡುತ್ತಿದ್ದರು. ನಿರ್ದೇಶಕ ಸಿದ್ದರಾಮೇಶ್ ಹದಿನೇಳನೇ ಸಲ "ಕಟ್" ಅಂದರು. ಅಷ್ಟರಲ್ಲಿ ಬೀದಿಯಲ್ಲಿ ಸಿಡಿಲು ಹೊಡೆಯಿತು.

"ನನ್ನ ಕೋಳಿ ಇಟ್ಟ ಮೊಟ್ಟಿ ನಿಂದೆಂಗಾಗತೈತೇ?" ಅಂದಳು ಕೊಟ್ರಮ್ಮ.

"ನಿನ್ನ ಮನಿ ಬ್ಯಾಡ ಅಂತ ಬಂದೈತಿ. ನಿನ್ನ ಕೋಳಿಗಾದ್ರೂ ಬುದ್ಧಿ ಐತಿ ಬಿಡು!" ಅಂದಳು ನಾಗರತ್ನ.

ಓಬುಲೇಶ್ ಓಡಿ ಬಂದು ಕೈಮುಗಿದ. "ನನ್ನ ಕೆಲಸ ಹೋಗತೈತಿ, ಸುಮ್ಕಿರ್ರಿ!"

ಯಾರೂ ಕೇಳಲಿಲ್ಲ. ತಿರುಗಿ ನೋಡಿದರೆ ಹಿಂದೆ ನಿರ್ದೇಶಕರು, ಲೈಟಿನವರು, ರಾಣಿಯರು ಎಲ್ಲ ಬಂದು ನಿಂತಿದ್ದರು. ಅರಮನೆ ಖಾಲಿಯಾಗಿತ್ತು. ಒಬ್ಬ ರಾಣಿ ಕಣ್ಣರಳಿಸಿ, "ಇವರಿಗೆ ಡೈಲಾಗ್ ಬರೆದುಕೊಟ್ಟೋರು ಯಾರು?" ಎಂದು ಪಿಸುಗುಟ್ಟಿದಳು.

"ಕ್ಯಾಮೆರಾ ಇಲ್ಲಿಗೆ ತನ್ನಿ!" ಎಂದು ಸಿದ್ದರಾಮೇಶ್ ಕೂಗಿದರು.

ಕ್ಯಾಮೆರಾ ಕಂಡದ್ದೇ ತಡ, ಇಬ್ಬರೂ ಸೆರಗು ಸರಿಮಾಡಿಕೊಂಡರು.

"ಮೊಟ್ಟಿ ನೀನ ತಗೊಳವ್ವ," ಅಂದಳು ಕೊಟ್ರಮ್ಮ.

"ಅಯ್ಯೋ, ನೀನ ಇಟ್ಕಳಕ್ಕ. ಊಟಾತಾ?"

ನಿರ್ದೇಶಕರು ತಲೆ ಹಿಡಿದುಕೊಂಡು ಓಬುಲೇಶನನ್ನು ಮುಂದಕ್ಕೆ ನೂಕಿದರು. "ಹೇಗಾದರೂ ಜಗಳ ಹೊತ್ತಿಸಪ್ಪ!"

ಮದುವೆಯಾದಾಗಿನಿಂದ ಜಗಳ ಬಿಡಿಸಿಯೇ ಬಲ್ಲ ಓಬುಲೇಶ್ ಮತ್ತೆ ಕೈಮುಗಿದ. "ಒಂದೀಟು ಬೈದಾಡ್ರೇ, ನಿಮ್ಮ ಕಾಲು ಬೀಳ್ತೀನಿ!"

"ನೋಡಕ್ಕ, ಹೆಂಡ್ತಿ ಬೀದ್ಯಾಗ ಕಿತ್ತಾಡ್ಲಿ ಅಂತ ಬೇಡ್ಕಳೋ ಗಂಡನ್ನ!" ಅಂದಳು ನಾಗರತ್ನ.

"ಅಕ್ಕ ತಂಗ್ಯಾರಂಗ ಇರೋರ ಮಧ್ಯ ಬೆಂಕಿ ಹಚ್ಚಾಕ ಬಂದೀಯೇನೋ?"

ಇಬ್ಬರೂ ಒಟ್ಟಿಗೆ ಅವನ ಮೇಲೆ ಎರಗಿದರು. ಅವನು ಅರಮನೆಗೆ ಓಡಿದ, ಸಿಂಹಾಸನದ ಹಿಂದೆ ಅಡಗಿದ. ಕ್ಯಾಮೆರಾವೂ ಹಿಂದೆಯೇ ಓಡಿತು. ಅಲ್ಲಿಂದಲೂ ಅವನನ್ನು ಎಳೆದು ತಂದು ಬೈದರು. ಇಪ್ಪತ್ತು ನಿಮಿಷ ಸಿದ್ದರಾಮೇಶ್ "ಕಟ್" ಎನ್ನುವುದನ್ನೇ ಮರೆತರು. ಕೊನೆಗೆ ಕಣ್ಣೊರೆಸಿಕೊಂಡು ಓಬುಲೇಶನ ಹೆಗಲ ಮೇಲೆ ಕೈಯಿಟ್ಟರು.

"ಅದ್ಭುತ! ನಾಳೆ ಎಂಟಕ್ಕೆ ಮೂವರೂ ಬನ್ನಿ. ಇನ್ನೂ ಇನ್ನೂರು ಕಂತು ಮಾಡೋಣ."

ಓಬುಲೇಶ್ ಬಾಯಿ ತೆರೆಯುವ ಮೊದಲೇ ನಾಗರತ್ನ ಅಂದಳು, "ಮುನ್ನೂರಾದ್ರೂ ಆಗ್ಲಿ ಬಿಡ್ರಿ. ಇವಂಗ ಬೈಯೋದು ಇನ್ನೂ ಬಾಳ ಐತಿ."