ಮಡಿಕೋಲಿನ ಕತ್ತಿವರಸೆ

ಕತ್ತಿಕಾಳಗದ ಸಿನಿಮಾ ನೋಡಿ ಬಂದ ಗಂಡಸಿನ ಕೈಗೆ ಸ್ವಲ್ಪ ಹೊತ್ತಾದರೂ ಉದ್ದನೆಯದೇನೂ ಸಿಗದಂತೆ ನೋಡಿಕೊಳ್ಳಬೇಕು. ಛತ್ರಿ, ಜೇಡರಬಲೆ ತೆಗೆಯುವ ಕೋಲು, ಕೊನೆಗೆ ಪಡವಲಕಾಯಿ ಕೂಡ ಅಪಾಯವೇ. ನನಗಂತೂ ರಾತ್ರಿ ನಿದ್ದೆ ಮಾಡಿ ಎದ್ದರೂ ಆ ಆವೇಶ ಇಳಿಯುತ್ತಿರಲಿಲ್ಲ.

ಆಗ ನಾವು ಚಾಮರಾಜಪೇಟೆಯಲ್ಲಿದ್ದೆವು. ನಾನು, ಹೆಂಡತಿ ಕಮಲ, ಮತ್ತು ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ. ಎಸ್ಸೆಸ್ಸೆಲ್ಸಿ ಮುಗಿಸಿ ಗುಮಾಸ್ತನಾಗಿದ್ದ ನಾನು ಬೀದಿಗೆಲ್ಲ ಗಂಭೀರ ಮನುಷ್ಯ. ಪಕ್ಕದ ಮನೆಯ ರಾಯರು ಮಗನನ್ನು ಸಿನಿಮಾಕ್ಕೆ ಕಳಿಸಿದರೆಂದು ಅವರ ಜಗಲಿಯ ಮೇಲೇ ಕೂತು ಅವರಿಗೆ ಉಪದೇಶ ಮಾಡಿದವನು. ಅದೇ ನಾನು ಮನೆಯಲ್ಲಿ "ಆಫೀಸಲ್ಲಿ ಕೆಲಸ ಜಾಸ್ತಿ" ಎಂದು ಹೇಳಿ, ಮೆಜೆಸ್ಟಿಕ್ ಕಡೆಯ ಟಾಕೀಸಿಗೆ ಹೋಗಿ, ದೀಪ ಆರಿದ ಮೇಲೆ ಕಳ್ಳನ ಹಾಗೆ ಒಳಗೆ ನುಸುಳುತ್ತಿದ್ದೆ. ಮತ್ತೆ ದೀಪ ಹತ್ತುವುದರೊಳಗೆ ಎದ್ದು ಬರುತ್ತಿದ್ದೆ.

ಆ ಶನಿವಾರ ನೋಡಿದ್ದರಲ್ಲಿ ನಂಬುವಂಥದ್ದು ಒಂದೂ ಇರಲಿಲ್ಲ. ಸೇನಾಪತಿ ಒರಗಿಕೊಂಡರೆ ಕೋಟೆಯ ಗೋಡೆಯೇ ಅಲ್ಲಾಡುತ್ತಿತ್ತು. ಸೈನಿಕರು ನಾಯಕನನ್ನು ಸುತ್ತುವರಿದು, ನಲ್ಲಿ ನೀರಿಗೆ ಬಂದವರಂತೆ ಒಬ್ಬೊಬ್ಬರಾಗಿ ಸರದಿಯ ಮೇಲೆ ಏಟು ತಿಂದು ಹೋಗುತ್ತಿದ್ದರು. ನಾಯಕ ತೂಗುದೀಪಕ್ಕೆ ಜೋತುಬಿದ್ದು ಸಭೆಯ ಮೇಲೆಲ್ಲ ಹಾರಿ, ಪರದೆ ಕಿತ್ತು ಸೇನಾಪತಿಯ ತಲೆಯ ಮೇಲೆ ಕೆಡವಿ, ರಾಜಕುಮಾರಿಗೆ ಕತ್ತಿಯೆತ್ತಿ ವಂದಿಸಿದ. ಅಷ್ಟಾದರೂ ಅವನ ಕ್ರಾಪು ಕೆಡಲಿಲ್ಲ! ವಾರವಿಡೀ ಹೆಡ್ ಗುಮಾಸ್ತರ ಮುಂದೆ ಬಗ್ಗಿ ನಿಲ್ಲುವವನಿಗೆ ಇದಕ್ಕಿಂತ ಇನ್ನೇನು ಬೇಕು?

ಮಾರನೆಯ ಬೆಳಿಗ್ಗೆ ದ್ವಾದಶಿ, ಮಾಗಿಯ ಚಳಿ ಬೇರೆ. ಏಕಾದಶಿಯೆಲ್ಲ ನೀರೂ ಮುಟ್ಟದೆ ಉಪವಾಸವಿದ್ದ ಅತ್ತೆ ಸ್ನಾನಕ್ಕೆ ಹೋಗಿದ್ದರು. ಬಂದು, ಮಡಿಸೀರೆ ಉಟ್ಟು, ತಾವೇ ಅಡಿಗೆ ಮಾಡಿಕೊಂಡರೆ ಅವರಿಗೆ ಊಟ. ಆ ಸೀರೆ ನಡುಮನೆಯ ಸೂರಿಗೆ ತೂಗುಹಾಕಿದ ಬಿದಿರ ಗಳದ ಮೇಲೆ, ಸ್ನಾನವಿಲ್ಲದವರಿಗೆ ಎಟುಕದಷ್ಟು ಎತ್ತರದಲ್ಲಿ ಒಣಗುತ್ತಿತ್ತು. ಅದನ್ನು ಇಳಿಸುವ ಮಡಿಕೋಲು ಗೋಡೆಗೆ ಒರಗಿತ್ತು.

ಸ್ನಾನವಿಲ್ಲದ ನಾನು ಅದನ್ನು ಎತ್ತಿಕೊಂಡೆ. ಸುಮ್ಮನೆ, ತೂಕ ನೋಡಲೆಂದು. ನಡುಮನೆಯ ಕಂಬವೇ ಸೇನಾಪತಿ. ಅವನು ಹಿಮ್ಮೆಟ್ಟಲಿಲ್ಲ ಅನ್ನುವುದೊಂದನ್ನು ಬಿಟ್ಟರೆ ಎಲ್ಲವೂ ಟಾಕೀಸಿನಲ್ಲಿ ಕಂಡಂತೆಯೇ ನಡೆಯಿತು. ವಂದಿಸಲೆಂದು ಕೋಲೆತ್ತಿದೆ. ಅದು ಗಳಕ್ಕೆ ತಗುಲಿ, ಸೀರೆ ಪೂರ್ತಿಯಾಗಿ ನನ್ನ ತಲೆಯ ಮೇಲೆ ಬಿತ್ತು.

"ಏನ್ರೀ ಇದು ಅವತಾರ!" ಎಂದಳು ಕಮಲ.

ಬಚ್ಚಲಿನಿಂದ ಅತ್ತೆ ಕೂಗಿದರು: "ಏನೇ ಅದು ಸದ್ದು?"

"ಬೆಕ್ಕು, ಅತ್ತೆ!" ಸೀರೆಯೊಳಗಿಂದ ನಾನೇ ಕೂಗಿದೆ.

"ಸೀರೆ ಮುಟ್ತೇನೋ?"

ಇಲ್ಲವೆಂದರೆ ಅವರ ವ್ರತ ಕೆಡುತ್ತದೆ. ಹೌದೆಂದರೆ ಆ ಚಳಿಯಲ್ಲಿ ಅದೇ ಸೀರೆಯನ್ನು ನೀರಿನಲ್ಲಿ ಅದ್ದಿ ಒದ್ದೆಯಲ್ಲೇ ಉಡಬೇಕು. ಕಮಲ ನನ್ನನ್ನೇ ನೋಡುತ್ತಿದ್ದಳು.

"ಬೆಕ್ಕಲ್ಲ ಅತ್ತೆ, ನಾನು. ಹೊಡೆದಾಡ್ತಿದ್ದೆ."

"ಬೆಳಿಗ್ಗೆ ಬೆಳಿಗ್ಗೆ ಯಾರ ಜೊತೆಗೋ?"

"ಕಂಬದ ಜೊತೆ. ನಿನ್ನೆ ಸಿನಿಮಾಕ್ಕೆ ಹೋಗಿದ್ದೆ."

ಬಚ್ಚಲಿನಲ್ಲಿ ಚೊಂಬು ಠಣ್ಣೆಂದು ನೆಲಕ್ಕೆ ಕೂತಿತು. ಆಮೇಲೆ, "ತಂದು ಬಾಗಿಲ ಹತ್ರ ಹಾಕು" ಎಂದರು. ಒಲೆಯ ಮುಂದೆ ಒದ್ದೆ ಸೀರೆಯಲ್ಲಿ ಅವರ ಹಲ್ಲು ಕಟಕಟ ಎನ್ನುವುದು ನಡುಮನೆಗೆ ಕೇಳುತ್ತಿತ್ತು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೊಂದು ಎದುರುಮಾತಾಡಿ ಹಗುರಾಗುತ್ತಿದ್ದೆ. ಇಂದಿಗೂ ಚಳಿಗಾಲದಲ್ಲಿ ಒದ್ದೆ ಸೀರೆ ಕಂಡರೆ ನನ್ನ ತಲೆ ತಾನಾಗಿ ತಗ್ಗುತ್ತದೆ.

ಊಟವಾದ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತವರು, "ಅದೇನು ಕಥೆ, ಹೇಳು" ಎಂದರು. ಹೇಳಿದೆ. ತೂಗುದೀಪದ ಹತ್ತಿರ ಬಂದಾಗ "ಹಗ್ಗ ಗಟ್ಟಿ ಇತ್ತೇನೋ?" ಎಂದು ಗಾಬರಿಯಾದರು.

"ಕೊನೇಲಿ ಆ ಹುಡುಗಿ ಮದುವೆ ಆಯ್ತೇ?"

"ಗೊತ್ತಿಲ್ಲ ಅತ್ತೆ. ಮುಗಿಯೋಕ್ ಮುಂಚೆ ಎದ್ದು ಬಂದೆ. ಯಾರಾದ್ರೂ ನೋಡ್ಬಿಟ್ರೆ ಅಂತ."

"ಮುಕ್ಕಾಲು ಕಥೆಗೆ ನನ್ನ ಹೀಗೆ ನಡುಗಿಸಿದ್ಯೇನೋ, ಪೆದ್ದ ಮುಂಡೇದೆ? ಹೋಗು, ಪೂರ್ತಿ ನೋಡ್ಕೊಂಡ್ ಬಂದು ಹೇಳು!"

ಅಂದೇ ಹೋದೆ. ಜೀವನದಲ್ಲಿ ಮೊದಲ ಸಲ ಹಾಡುಹಗಲಿನಲ್ಲಿ ಟಿಕೆಟ್ಟಿನ ಸಾಲಿನಲ್ಲಿ ನಿಂತೆ. ಹಿಂದಿನಿಂದ ಯಾರೋ ಹೆಗಲು ತಟ್ಟಿದರು. ತಿರುಗಿದರೆ, ಮಗನ ಸಮೇತ ಪಕ್ಕದ ಮನೆಯ ರಾಯರು.

"ಏನ್ ಸ್ವಾಮಿ, ತಾವು ಇಲ್ಲಿ?"

"ನಮ್ಮ ಸೋದರತ್ತೆ ಕಳಿಸಿದ್ರು" ಎಂದೆ.

ರಾಯರು ಮಗನ ಮುಖ ನೋಡಿದರು, ಮಗ ರಾಯರ ಮುಖ ನೋಡಿದ. ಸಿನಿಮಾದ ವಿಷಯದಲ್ಲಿ ನಾನು ಅವರಿಗೆ ಹೇಳಿದ ಒಂದೇ ಒಂದು ನಿಜ ಅದು. ನನ್ನ ಉಪದೇಶವನ್ನೆಲ್ಲ ತಲೆಯಾಡಿಸಿ ಕೇಳಿದ್ದ ಮನುಷ್ಯ, ಅದೊಂದನ್ನು ಮಾತ್ರ ಸಾಯುವವರೆಗೂ ನಂಬಲಿಲ್ಲ.