ಕಡ್ಡಿ ತುಂಡು ಮಾಡಿದ ಉಡುಗೊರೆ

ಅಂಗಡಿಯಿಂದ ತಂದ ಉಡುಗೊರೆ ಹಿಡಿಸದಿದ್ದರೆ ಬಿಲ್ ಹಿಡಿದು ಹೋಗಿ ಬದಲಾಯಿಸಿಕೊಳ್ಳಬಹುದು. ಕೈಯಾರೆ ಮಾಡಿದ ಉಡುಗೊರೆಗೆ ಆ ಅನುಕೂಲವಿಲ್ಲ. ಮಾಡಿದವರು ಎದುರಿಗೇ ನಿಂತು ನಮ್ಮ ಮುಖ ನೋಡುತ್ತಿರುತ್ತಾರೆ. ಅದರಲ್ಲೂ ನನ್ನಂಥ ಹೆಣಿಗೆಯ ಹುಚ್ಚಿನವರ ಪಾಡು ಯಾರಿಗೂ ಬೇಡ. ಪಾರ್ಕಿನ ಬೆಂಚಿನ ಮೇಲೆ ಕೂತು ಹೆಣೆಯುತ್ತಿದ್ದರೆ "ಬೆಂಗಳೂರಲ್ಲಿ ಚಳಿ ಎಲ್ಲಿದೆ ಆಂಟಿ?" ಎಂದು ನಗುವವರೇ, ನನ್ನ ಹುಟ್ಟುಹಬ್ಬ ಬಂತೆಂದರೆ ಹತ್ತಿಯ ಕುರಿ, ಮಣಿ ಪೋಣಿಸಿದ ಕುರಿ, ಕುರಿಯ ಚಿತ್ರ ಬಿಡಿಸಿದ ಪಿಂಗಾಣಿ ಲೋಟ ತಂದುಕೊಡುತ್ತಾರೆ. ನಾನು ಉಲ್ಲನ್ ಹೆಣೆಯುತ್ತೇನೆ ಸ್ವಾಮಿ, ಕುರಿ ಮೇಯಿಸುವುದಿಲ್ಲ!

ಕುರಿಗಳನ್ನಾದರೂ ಸಹಿಸಿಕೊಂಡೆ. ಈ ಸಲ ನಮ್ಮ ಯಜಮಾನರು ಮಾಡಿದ್ದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ರಿಟೈರ್ ಆದ ಮೇಲೆ ಅವರಿಗೆ ಫೋನಿನಲ್ಲಿ ವಿಡಿಯೋ ನೋಡುವುದೇ ಕೆಲಸ. ಹೆಣೆಯುವವರಿಗೆ ಏನೇನು ಮಾಡಿಕೊಡಬಹುದು ಎಂದು ಯಾರೋ ಹೇಳಿದ್ದನ್ನು ನೋಡಿ, ಸುದ್ದಗುಂಟೆಪಾಳ್ಯದಿಂದ ಹಲಗೆ ತಂದು, ಬಾಲ್ಕನಿಯಲ್ಲಿ ವಾರವಿಡೀ ಕುಟ್ಟಿದರು. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ಹೋದರು. ಹುಟ್ಟುಹಬ್ಬದ ಬೆಳಿಗ್ಗೆ ನನ್ನ ಕೈಗೆ ಬಂದದ್ದು ಹೆಣಿಗೆಯ ಕಡ್ಡಿ ಇಡುವ ಮರದ ಪೆಟ್ಟಿಗೆ. ಮುಚ್ಚಳದ ಮೇಲೆ ನನ್ನ ಹೆಸರು. ಒಂದು ಕ್ಷಣ ಕಣ್ಣು ತುಂಬಿಬಂತು. ಮುಚ್ಚಳ ತೆಗೆದೆ. ಒಳಗೆ ನನ್ನ ಬಿದಿರಿನ ಕಡ್ಡಿಗಳು ಸಾಲಾಗಿ ಮಲಗಿದ್ದವು. ಎಲ್ಲವೂ ಗೇಣುದ್ದ!

"ಇದೇನ್ರೀ ಇದು?"

"ಪೆಟ್ಟಿಗೆ ಸ್ವಲ್ಪ ಗಿಡ್ಡ ಆಗ್ಹೋಯ್ತು ಕಣೆ. ಅದಕ್ಕೇ ಕಡ್ಡಿಗಳಿಗೆ ಹಿಂದುಗಡೆಯಿಂದ ಒಂಚೂರು ಗರಗಸ ಆಡಿಸ್ದೆ. ಚೂಪು ಹಾಗೇ ಇದೆ, ನೋಡು."

ತಿಲಕ್ ನಗರದ ಅಕ್ಕನಿಗೆಂದು ಎರಡು ತಿಂಗಳಿಂದ ಹೆಣೆಯುತ್ತಿದ್ದ ಶಾಲು ಆ ಕಡ್ಡಿಗಳಲ್ಲೊಂದರ ಮೇಲಿತ್ತು. ಶಾಲು ಎಲ್ಲಿ ಅಂತ ಕೇಳಿದೆ. ಕಡ್ಡಿ ಎಳೆದುಕೊಂಡು, ಶಾಲನ್ನು ನೀಟಾಗಿ ಮಡಚಿ ಬೀರುವಿನಲ್ಲಿಟ್ಟಿದ್ದರಂತೆ! ಬಿಡಿಸಿ ನೋಡಿದರೆ ಕುಣಿಕೆಗಳೆಲ್ಲ ಜಾರಿ ಹತ್ತು ಸಾಲು ಬಿಚ್ಚಿಹೋಗಿತ್ತು. ಆಮೇಲೆ ನನ್ನ ಬಾಯಿಗೆ ತಡೆಯೇ ಇರಲಿಲ್ಲ. "ಪೆಟ್ಟಿಗೆ ಗಿಡ್ಡ ಆದ್ರೆ ಪೆಟ್ಟಿಗೆ ಉದ್ದ ಮಾಡ್ಬೇಕು ರೀ! ಯಾರಾದ್ರೂ ಕಡ್ಡಿ ಕತ್ತರಿಸ್ತಾರಾ?" ಎಂದು ಕೂಗಾಡಿದೆ. "ಕಡ್ಡೀನ ಗುಡ್ಡ ಮಾಡ್ಬೇಡ್ವೇ" ಅಂದರು. ಗುಡ್ಡ ಮಾಡುವುದಕ್ಕಾದರೂ ಒಂದು ನೆಟ್ಟಗಿನ ಕಡ್ಡಿ ಬೇಡವೇ? ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡ್ತೀಯ ಎಂದು ಮದುವೆಯಾದಾಗಿನಿಂದ ನನ್ನನ್ನು ಅನ್ನುತ್ತಿದ್ದ ಮನುಷ್ಯ ಇವರು!

ಅವರು ಎದ್ದು ಒಳಗೆ ಹೋದರು. ಹೊರಗೆ ಬಂದಾಗ, ಹೋದ ವರ್ಷ ನಾನು ಹೆಣೆದುಕೊಟ್ಟ ನೀಲಿ ಸ್ವೆಟರ್ ಮೈಮೇಲಿತ್ತು. ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತ್ತು.

"ಇದು ಗಿಡ್ಡ ಆಯ್ತು ಅಂದಾಗ ನೀನೇನಂದೆ, ನೆನಪಿದೆಯಾ?"

ನೆನಪಿಲ್ಲದೆ ಏನು! "ಸ್ವೆಟರ್ ಸರಿಯಾಗೇ ಇದೆ, ನಿಮ್ಮ ಕೈಯೇ ಉದ್ದ" ಅಂದಿದ್ದೆ. ಈ ಸ್ವೆಟರ್ ತೊಟ್ಟು ಪುಟ್ಟೇನಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋಗುವಾಗ ಇವರು ಯಾಕೆ ಸದಾ ಕೈಕಟ್ಟಿಕೊಂಡೇ ನಡೆಯುತ್ತಾರೆ ಎನ್ನುವುದು ಆಗ ಹೊಳೆಯಿತು.

ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಇರಾದೆಯೂ ಇಲ್ಲ. ಅಕ್ಕನ ಶಾಲಿಗೆ ಹೊಸ ಕಡ್ಡಿ ಬರಬೇಕು. ಅಲ್ಲಿಯವರೆಗೆ ಸುಮ್ಮನೆ ಕೂರಲಾರದೆ, ಆ ಗೇಣುದ್ದದ ಕಡ್ಡಿಗಳ ಹಿಂಬದಿಗೆ ಕುಣಿಕೆ ಜಾರದಂತೆ ರಬ್ಬರ್ ಬ್ಯಾಂಡ್ ಸುತ್ತಿ, ನೀಲಿ ಉಲ್ಲನ್ನಿನಲ್ಲಿ ನಾಲ್ಕು ಬೆರಳಗಲದ ಎರಡು ಪಟ್ಟಿ ಹೆಣೆಯುತ್ತಿದ್ದೇನೆ. ಮಣಿಕಟ್ಟಿನ ಅಳತೆಗೆ ಈ ಕಡ್ಡಿಗಳು ಹೇಳಿ ಮಾಡಿಸಿದ ಹಾಗಿವೆ ಎನ್ನುವುದನ್ನು ಮಾತ್ರ ಅವರಿಗೆ ಹೇಳಿಲ್ಲ.