ಟ್ಯಾಲನ್ ಗ್ಯಾಪ್‌ನ ಅರಮನೆ

ಈ ಸಲ ರಜೆಗೆ ಬಾಲಿ ದ್ವೀಪಕ್ಕೆ ಹೋಗೋಣ ಎಂದು ನನ್ನ ಹೆಂಡತಿ ರೇಲೀನ್ ಒಂದು ವರ್ಷದಿಂದ ಹೇಳುತ್ತಿದ್ದಳು. ಕಾಲ್ಗೂರ್ಲಿಯ ನಮ್ಮ ಬೀದಿಯಲ್ಲಿ ಬಾಲಿ ನೋಡದೆ ಉಳಿದಿರುವುದು ನಾವು ಮತ್ತು ಎದುರುಮನೆಯ ಕುರುಡು ನಾಯಿ ಮಾತ್ರವಂತೆ. ಆದರೆ ನನಗೊಂದು ದಿವ್ಯವಾದ ಯೋಚನೆ ಹೊಳೆದಿತ್ತು: ಉತ್ತರಕ್ಕೆ ಕಾರಿನಲ್ಲಿ ಹೋಗಿ ಹೆಂಡತಿ ಮಗಳಿಗೆ ನನ್ನ ಬಾಲ್ಯದ ಮನೆ ತೋರಿಸುವುದು, ಆಮೇಲೆ ಸಮುದ್ರ ನೋಡುವುದು.

ಕಬ್ಬಿಣದ ಗಣಿಯೂರು ಟ್ಯಾಲನ್ ಗ್ಯಾಪ್‌ನಲ್ಲಿದ್ದ ಆ ಮನೆಯನ್ನು ನಾನು ವರ್ಣಿಸದ ಊಟವೇ ನಮ್ಮಲ್ಲಿಲ್ಲ. ನಾಲ್ಕು ಕೋಣೆ, ಸುತ್ತಲೂ ಜಗಲಿ, ಹಿತ್ತಲಲ್ಲಿ ಮಾವಿನ ಮರ. (ಮದುವೆಯಾದ ಹೊಸತರಲ್ಲಿ ಎರಡೇ ಕೋಣೆಗಳಿದ್ದವು. ಹತ್ತೊಂಬತ್ತು ವರ್ಷಗಳಲ್ಲಿ ಮಾತಿನಲ್ಲೇ ವಿಸ್ತರಿಸಿದೆ, ಸಿಮೆಂಟಿನ ಖರ್ಚಿಲ್ಲವಲ್ಲ.)

ಅಂತೂ ನಮ್ಮ ದಿಗ್ವಿಜಯ ಹೊರಟಿತು. ಎರಡನೆಯ ದಿನ ದಾರಿಯ ಮೀಕತಾರಾ ಊರು ದಾಟುತ್ತಲೇ ಕಾರಿನ ಎಸಿ ಪ್ರಾಣ ಬಿಟ್ಟಿತು. ಕಿಟಕಿ ಹಾಕಿದರೆ ಬೇಯುವುದು, ತೆಗೆದರೆ ಕೆಂಪು ಧೂಳು. ಪ್ರತಿ ಸಲ ನಿಲ್ಲಿಸಿದಾಗಲೂ ನೊಣಗಳು ಹತ್ತಿ ನಮ್ಮ ಜೊತೆಗೇ ಪ್ರಯಾಣ ಮಾಡಿದವು.

"ಬಾಲೀಲಿ ಈಗ ಎಳನೀರು ಕುಡೀತಾ ಕೂತಿರ್ತಿದ್ದೆ," ಎಂದಳು ರೇಲೀನ್.

"ಎಳನೀರು ಯಾರು ಬೇಕಾದ್ರೂ ಕುಡೀಬಹುದು. ಗಂಡ ಹುಟ್ಟಿದ ಜಾಗ ನೋಡೋ ಭಾಗ್ಯ ಎಷ್ಟು ಜನಕ್ಕಿದೆ?"

"ಬಾಯಿ ಮುಚ್ಚು ಲೀತ್, ನೊಣ ಹೋಗುತ್ತೆ."

ಗಣಿ ಮುಚ್ಚಿ ಮೂವತ್ತು ವರ್ಷ ದಾಟಿದ್ದರೂ ನಾಲ್ಕು ಗೋಡೆಯಾದರೂ ನಿಂತಿರುತ್ತವೆ ಎಂದು ನಂಬಿದ್ದೆ. ಮೂರನೆಯ ದಿನ ಟ್ಯಾಲನ್ ಗ್ಯಾಪ್ ತಲುಪಿದಾಗ ಅಲ್ಲಿ ಒಂದು ಬೇಲಿ, ಒಂದು ಬೋರ್ಡು, ಕಣ್ಣು ಹಾಯಿಸಿದಷ್ಟೂ ಮುಳ್ಳುಹುಲ್ಲು. ಗೋಡೆ ಹಾಳಾಗಲಿ, ರಸ್ತೆಯ ಅಂಚಿನ ಕಲ್ಲನ್ನೂ ಬಿಡದೆ ಕಿತ್ತು ಒಯ್ದಿದ್ದರು. ನಾನು ಧೈರ್ಯಗೆಡದೆ ಹುಲ್ಲಿನ ನಡುವೆ ನಿಂತು, "ಇದು ನಡುಮನೆ, ಇದು ಜಗಲಿ," ಎಂದು ಬೆರಳು ತೋರಿಸಿದೆ.

ಹದಿನಾಲ್ಕು ವರ್ಷದ ಮಗಳು ಟೀಗನ್ ನನ್ನ ಫೋಟೋ ತೆಗೆದಳು. "ಅಪ್ಪಾ, ಸ್ವಲ್ಪ ಪಕ್ಕಕ್ಕೆ ಬಾ. ಅಡುಗೆಮನೆ ಒಲೆ ಮೇಲೆ ನಿಂತಿದ್ದೀಯ."

ರೇಲೀನ್ ನಕ್ಕಳು. ಆರು ನೂರು ಮೈಲಿಯಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ, ಅದೂ ನನ್ನ ಜನ್ಮಸ್ಥಾನದಲ್ಲಿ.

ಅಲ್ಲಿಂದ ಕರಾವಳಿಯ ಆನ್‌ಸ್ಲೋಗೆ ಬಂದೆವು. ಕಡಲ ಬದಿಯ ತಂಗುದಾಣದಲ್ಲಿ ಖಾಲಿ ಉಳಿದಿದ್ದು ಏಳನೆಯ ನಂಬರಿನ ಪುಟ್ಟ ತಗಡಿನ ಮನೆಯೊಂದೇ. ಮೂರು ದಿನದ ಸಿಟ್ಟನ್ನೆಲ್ಲ ನಾನು ಅದರ ಮೇಲೆ ಕಾರಿದೆ. "ಇದೇನು ಮನೆಯೋ, ಬೆಂಕಿಪೊಟ್ಟಣವೋ? ಎರಡು ಕೋಣೆ! ನಮ್ಮ ಮನೇಲಿ ಕೋಳಿಗೂಡು ಇದಕ್ಕಿಂತ ದೊಡ್ಡದಿತ್ತು."

ಒಡತಿ ನೋಲೀನ್, ಕೈಯಲ್ಲಿ ನೊಣ ಹೊಡೆಯುವ ಬ್ಯಾಟು ಹಿಡಿದ ಎಪ್ಪತ್ತರ ಮುದುಕಿ, ಕಣ್ಣು ಕೆಂಪಗೆ ಮಾಡಿದಳು. "ಗಟ್ಟಿ ಮನೆ ಕಣಯ್ಯಾ. ಯಾವುದೋ ಗಣಿಯೂರು ಮುಚ್ಚಿದಾಗ ಲಾರಿ ಮೇಲೆ ಇಡೀದಾಗಿ ಹೊತ್ತು ತಂದಿದ್ದು. ಎಷ್ಟು ಚಂಡಮಾರುತ ನೋಡಿದೆ ಗೊತ್ತಾ?"

"ಚಂಡಮಾರುತಕ್ಕೂ ಇದನ್ನ ಮುಟ್ಟೋಕೆ ಅಸಹ್ಯ ಆಗಿರ್ಬೇಕು," ಎಂದೆ. ಇಂಥ ಮಾತು ನನಗೆ ಬೇಗ ಹೊಳೆಯುತ್ತದೆ.

ಮರುದಿನ ಬೆಳಿಗ್ಗೆ ತಾಯಿ ಮಗಳು ಕಡಲಿಗೆ ಹೋದರು. ನಾನು ಚಪ್ಪಲಿ ಹುಡುಕುತ್ತ ಗೋಡೆಯ ಬೀರುವಿನೊಳಗೆ ತಲೆ ತೂರಿಸಿದೆ. ಕೆಳಗಿನ ಹಲಗೆಯಲ್ಲಿ, ಧೂಳು ತುಂಬಿದ ಸೊಟ್ಟ ಅಕ್ಷರಗಳು: ಲೀತ್ ಪ್ಯಾಸ್ಕೋ.

ಮೊಳೆಯಿಂದ ಕೆತ್ತಿದ್ದು ನಾನೇ, ಹನ್ನೊಂದನೆಯ ವಯಸ್ಸಿನಲ್ಲಿ. ಊರು ಬಿಡುವ ಬೆಳಿಗ್ಗೆ ಅಮ್ಮ ಖಾಲಿ ಅಡುಗೆಮನೆಯಲ್ಲಿ ನಿಂತು ಒರೆಸಿದ್ದ ಕಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. "ಇದಕ್ಕಿಂತ ದೊಡ್ಡ ಮನೆ ಕಟ್ಟಿಸ್ತೀನಿ ಬಾರೇ," ಎಂದಿದ್ದ ಅಪ್ಪ. ಕಟ್ಟಿಸಲಿಲ್ಲ. ಸಾಯುವವರೆಗೂ ಬಾಡಿಗೆ ಮನೆ. ಆ ಕೋಣೆಗಳನ್ನು ನಾನಲ್ಲದೆ ಬೇರೆ ಯಾರು ಕಟ್ಟಿಸಬೇಕಿತ್ತು?

ಬೀರುವಿನೊಳಗೆ ಕೂತು ಅತ್ತುಬಿಟ್ಟೆ ಎಂದು ಹೇಳಿದರೆ ನಗುತ್ತೀರಿ, ನಗಿ. ಆಮೇಲೆ ಜೇಬಿನ ಚಾಕು ತೆಗೆದು ಅಕ್ಷರಗಳಲ್ಲಿ ತುಂಬಿದ ಧೂಳನ್ನು ನಿಧಾನವಾಗಿ ಕೆರೆದೆ. ಕೊನೆಯ ಅಕ್ಷರಕ್ಕೆ ಬಂದಾಗ ಬೆನ್ನ ಹಿಂದೆ ನೋಲೀನಳ ದನಿ ಸಿಡಿಯಿತು.

"ಹಾಸಿಗೆ ಬಟ್ಟೆ ಬದಲಾಯಿಸೋಣ ಅಂತ ಬಂದ್ರೆ, ಹಲಗೆ ಮೇಲೆ ಹೆಸರು ಕೆತ್ತುತ್ತಾ ಕೂತಿದ್ದೀಯಾ! ತಲೆ ನರೆತ ಮೇಲೂ!"

ಗದ್ದಲಕ್ಕೆ ರೇಲೀನ್, ಟೀಗನ್ ಒದ್ದೆ ಮೈಯಲ್ಲೇ ಓಡಿ ಬಂದರು. ನನ್ನ ಕೈಯಲ್ಲಿ ಚಾಕು, ಹಲಗೆಯ ಮೇಲೆ ನನ್ನ ಹೆಸರು.

"ಇದು ನಾನು ಮೂವತ್ತೈದು ವರ್ಷದ ಹಿಂದೆ ಕೆತ್ತಿದ್ದು," ಎಂದೆ. "ರೇಲೀನ್, ಇದೇ ನಮ್ಮ ಮನೆ."

ರೇಲೀನ್ ಆಚೀಚೆ ನೋಡಿದಳು. "ನಿಮ್ಮ ಮನೇಲಿ ನಾಲ್ಕು ಕೋಣೆ ಅಲ್ವಾ?"

"ಅದು... ಎರಡು."

"ಜಗಲಿ?"

"ಮೆಟ್ಟಿಲಿತ್ತು. ದೊಡ್ಡ ಮೆಟ್ಟಿಲು."

"ಮಾವಿನ ಮರ ಅಪ್ಪಾ?" ಎಂದಳು ಟೀಗನ್.

"ಪಕ್ಕದ ಮನೆಯವರದು."

"ನಿನ್ನೆ ತಾನೇ ಕೋಳಿಗೂಡು ಅಂದೆ," ಎಂದಳು ರೇಲೀನ್. "ಸಿಕ್ಕಿಬಿದ್ದ ತಕ್ಷಣ ಅಪ್ಪನ ಮನೆ ಆಯ್ತಾ? ಮಗಳ ಮುಂದೆ ನಾಚಿಕೆ ಆಗಲ್ವಾ ಲೀತ್?" ನೋಲೀನಳ ಕಡೆ ತಿರುಗಿ, "ಕ್ಷಮಿಸಿ ಅಮ್ಮಾ. ಮನೇಲಿ ಹೀಗಿಲ್ಲ ಇವನು," ಎಂದಳು.

ಹತ್ತೊಂಬತ್ತು ವರ್ಷದ ಸುಳ್ಳನ್ನು ಊಟದ ಜೊತೆ ನುಂಗಿದವಳಿಗೆ ಒಂದು ನಿಜ ಗಂಟಲಲ್ಲಿ ಇಳಿಯಲಿಲ್ಲ. ಮನೆ ಸಿಕ್ಕಿತು, ಮಾನ ಹೋಯಿತು.

ನೋಲೀನ್ ಪೊಲೀಸರನ್ನು ಕರೆಯಲಿಲ್ಲ. ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ ತಂದು ನನ್ನ ಮುಂದಿಟ್ಟಳು. ನಾನು ಬೀರುವಿನೊಳಗೆ ಮೊಣಕಾಲೂರಿ ನನ್ನ ಹೆಸರಿನ ಮೇಲೆ ಬಣ್ಣ ಎಳೆದೆ. ರೇಲೀನ್ ಬಾಗಿ ನೋಡಿದಳು.

"ಇನ್ನೂ ಕಾಣ್ತಿದೆ. ಇನ್ನೊಂದ್ಸಲ ಬಳಿ."

ಬಳಿದೆ. ನೋಲೀನ್ ಕನ್ನಡಕ ಹಾಕಿಕೊಂಡು ಪರೀಕ್ಷಿಸಿದಳು. ಮೊದಲ ಬಾರಿಗೆ ಅವಳ ಮುಖ ಸಡಿಲಾಯಿತು.

"ಶಹಬ್ಬಾಸ್," ಎಂದಳು. "ಈಗ ಇಲ್ಲಿ ಯಾರೂ ಇರಲೇ ಇಲ್ಲ ಅನ್ನೋ ಹಾಗಿದೆ."